24 ಇಂಚಿನ ಕರಿಮಣಿ ಸರ ಕೊಕ್ಕೆ ಹತ್ತಿರವೇ ಕಿತ್ತುಬರುತ್ತಿದೆ, ಬೆಲೆ ಲೆಕ್ಕವೂ ಕೂಡುತ್ತಿಲ್ಲ

ಮಣಿಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕರಿಮಣಿ ಸರ, ಕ್ರಿಸ್ಟಲ್ ಸೆಟ್ ಮಾಡಿ ಮಾರುವವರು ಇಲ್ಲಿ ತುಂಬಾ ಜನ ಇದ್ದೀರಿ. ಅಂದಾಜಿನ ಉತ್ತರ ಬೇಡ ಅಂತಲೇ ಪೂರ್ತಿ ವಿವರ ಹಾಕುತ್ತಿದ್ದೇನೆ.

ಸರ ಒಂದೆಳೆಯದು, ಕೊಕ್ಕೆ ಸೇರಿ 24 ಇಂಚು. 4 ಮಿ.ಮೀ. ಕಪ್ಪು ಕ್ರಿಸ್ಟಲ್, ರಾಂಡೆಲ್ ಆಕಾರದ್ದು, ಅಂದರೆ ಸ್ವಲ್ಪ ಚಪ್ಪಟೆ ಗುಂಡಗಿನದು. ಹತ್ತು ಮಣಿಗೊಂದು 3 ಮಿ.ಮೀ. ಗೋಲ್ಡ್ ಗುಂಡು. 0.38 ಮಿ.ಮೀ. ಗೇರ್ ವೈರ್ (ಪೋಣಿಸುವ ಉಕ್ಕಿನ ವೈರ್), 2 ಮಿ.ಮೀ. ಗೇರ್ ಲಾಕ್ (ವೈರ್ ಕೊನೆಯನ್ನು ಒತ್ತಿ ಹಿಡಿಸುವ ಪುಟ್ಟ ಲೋಹದ ಮಣಿ), ಹಿಂದೆ ಎಸ್ ಕೊಕ್ಕೆ. ನಡುವೆ ಒಂದು ರಿಂಗ್ ಬಿಟ್ಟಿರುತ್ತೇನೆ, ತಾಳಿ ಅವರವರದ್ದೇ ಹಾಕಿಕೊಳ್ಳುತ್ತಾರೆ.

30 ಸರ ಮಾರಿದ್ದರಲ್ಲಿ 7 ವಾಪಸ್ ಬಂದಿವೆ. ಎರಡು ಮೂರು ತಿಂಗಳು ಹಾಕಿಕೊಂಡ ಮೇಲೆ ಲಾಕ್ ಪಕ್ಕದಲ್ಲೇ ತುಂಡಾಗಿವೆ. ನಡುವೆ ತುಂಡಾದದ್ದು ಒಂದೂ ಇಲ್ಲ. ಜೊತೆಗೆ ಕೊಕ್ಕೆ, ಗುಂಡು ಎರಡೂ ಕಪ್ಪಾಗುತ್ತಿವೆ.

ಇನ್ನೊಂದು ತಲೆನೋವು ಮಣಿಯ ಲೆಕ್ಕ. 24 ಇಂಚು ಅಂದರೆ 610 ಮಿ.ಮೀ., ನಾಲ್ಕರಿಂದ ಭಾಗಿಸಿದರೆ 152 ಬರಬೇಕು. ಆದರೆ ಪ್ರತಿ ಸಲ ಗುಂಡು ಬಿಟ್ಟು ಮಣಿಗಳೇ 170ರ ಹತ್ತಿರ ಹಿಡಿಯುತ್ತಿವೆ. ಲೈನ್ (ದಾರಕ್ಕೆ ಪೋಣಿಸಿ ಮಾರುವ ಮಣಿಯ ಎಳೆ) ಲೆಕ್ಕದಲ್ಲಿ ಸಾಮಾನು ತಂದರೆ ಕಡಿಮೆ ಬೀಳುತ್ತದೆ.

ಬೆಲೆ 350 ಇಟ್ಟಿದ್ದೇನೆ. ಒಂದು ಬೊಟಿಕ್‌ನವರು ಶೇ. 40 ಬಿಟ್ಟು ಕೊಟ್ಟರೆ ತಿಂಗಳಿಗೆ 20 ಸರ ತೆಗೆದುಕೊಳ್ಳುತ್ತೇವೆ ಅಂತಿದ್ದಾರೆ. ಒಪ್ಪಿಕೊಳ್ಳಬಹುದಾ? ಜಿಎಸ್‌ಟಿ ಬೇಕಾ?

ಇಕ್ಕಳ:

ಏಳೂ ಒಂದೇ ಜಾಗದಲ್ಲಿ ಹೋಗಿವೆ ಅಂದಮೇಲೆ ವೈರನ್ನು ಬೈದು ಪ್ರಯೋಜನವಿಲ್ಲ. ಕೆಟ್ಟಿರುವುದು ಕೊನೆಯ ಅರ್ಧ ಇಂಚು. ವಾಪಸ್ ಬಂದ ಸರಗಳನ್ನು ಬಿಚ್ಚಿ ಹಾಕಿಲ್ಲ ತಾನೆ? ಭೂತಗನ್ನಡಿ ಇಟ್ಟು ತುಂಡಾದ ತುದಿ ನೋಡಿ. ಗೇರ್ ವೈರ್ ಅನ್ನುವುದು ಒಂದೇ ತಂತಿಯಲ್ಲ, ನೈಲಾನ್ ಹೊದಿಕೆಯೊಳಗೆ 7, 19 ಅಥವಾ 49 ಸಣ್ಣ ಉಕ್ಕಿನ ಎಳೆ ಹೊಸೆದಿರುತ್ತಾರೆ. ಆ ಎಳೆಗಳೇ ಕಾರಣ ಹೇಳುತ್ತವೆ.

ಎಲ್ಲ ಎಳೆಯೂ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಒಂದೇ ಸಮಕ್ಕೆ ತುಂಡಾಗಿದ್ದರೆ ಲಾಕ್‌ನ ಅಂಚು ಕುಯ್ದಿದೆ. ಪೊರಕೆ ತುದಿಯ ಹಾಗೆ ಒಂದೊಂದು ಎಳೆ ಒಂದೊಂದು ಉದ್ದಕ್ಕೆ ಬಿಟ್ಟುಕೊಂಡಿದ್ದರೆ ಸವೆದು ಹೋಗಿದೆ, ಅಂದರೆ ಮಣಿಯ ತೂತಿನ ಅಂಚೋ ಕೊಕ್ಕೆಯ ರಿಂಗೋ ಉಜ್ಜಿದೆ. ತುದಿ ಹೊಸ ವೈರ್ ಕತ್ತರಿಸಿದ ಹಾಗೆಯೇ ಇದ್ದು ಖಾಲಿ ಲಾಕ್ ಕೊಕ್ಕೆಯಲ್ಲಿ ಉಳಿದಿದ್ದರೆ ಅದು ತುಂಡಾದದ್ದೇ ಅಲ್ಲ, ಜಾರಿ ಬಂದದ್ದು. ಮೂರಕ್ಕೂ ಮದ್ದು ಬೇರೆ ಬೇರೆ.

ಕುಯ್ದಿದ್ದರೆ: ಸಾಮಾನ್ಯ ಚಪ್ಪಟೆ ಪ್ಲೈಯರ್‌ನಲ್ಲಿ ಲಾಕನ್ನು ಅಪ್ಪಚ್ಚಿ ಮಾಡುತ್ತಿದ್ದೀರಿ ಅಂತ ಅರ್ಥ. ಲಾಕ್ ಒತ್ತುವುದಕ್ಕೆಂದೇ ಇರುವ ಕ್ರಿಂಪಿಂಗ್ ಪ್ಲೈಯರ್ ಬಾಯಲ್ಲಿ ಎರಡು ಗುಳಿ ಇರುತ್ತವೆ. ಹಿಡಿಕೆ ಕಡೆಯದು ಅರ್ಧಚಂದ್ರ, ತುದಿ ಕಡೆಯದು ದುಂಡಗೆ. ಮೊದಲು ಅರ್ಧಚಂದ್ರದಲ್ಲಿಟ್ಟು ಒತ್ತಿ. ಲಾಕ್ ನಡುವೆ ತಗ್ಗಾಗಿ ಎರಡು ಕಾಲುವೆ ಆಗುತ್ತವೆ, ಒಂದೊಂದರಲ್ಲಿ ಒಂದೊಂದು ವೈರ್ ಕೂರಬೇಕು. ಆಮೇಲೆ ಲಾಕನ್ನು ಕಾಲು ಸುತ್ತು ತಿರುಗಿಸಿ ದುಂಡು ಗುಳಿಯಲ್ಲಿ ಒತ್ತಿದರೆ ಪುಸ್ತಕ ಮುಚ್ಚಿದ ಹಾಗೆ ಮಡಚಿಕೊಳ್ಳುತ್ತದೆ. ಒತ್ತುವ ಮುಂಚೆ ಒಳಗಿನ ಎರಡೂ ವೈರ್ ಪಕ್ಕಪಕ್ಕ ಇರಲಿ. ಒಂದರ ಮೇಲೊಂದು ಕತ್ತರಿ ಹಾಕಿಕೊಂಡಿದ್ದರೆ ಒತ್ತಿದ ಕ್ಷಣವೇ ಒಂದು ಇನ್ನೊಂದನ್ನು ಗಾಯ ಮಾಡಿರುತ್ತದೆ, ಬಿಟ್ಟುಕೊಳ್ಳುವುದು ಮಾತ್ರ ಎರಡು ತಿಂಗಳ ನಂತರ. ಗುಂಡಗಿನ ಅಗ್ಗದ ಲಾಕ್ ಬಿಟ್ಟು ಕೊಳವೆ ಆಕಾರದ್ದು ತನ್ನಿ, ಮಡಚಿದಾಗ ಬಿರುಕು ಬಿಡುವುದು ಕಡಿಮೆ.

ಸವೆದಿದ್ದರೆ: ಕ್ರಿಸ್ಟಲ್‌ನ ತೂತಿನ ಬಾಯಿ ಗಾಜಿನ ಚೂರಿನಷ್ಟೇ ಹರಿತ. ಅದು ನೇರವಾಗಿ ಲಾಕ್ ಪಕ್ಕ ಬಂದರೆ, ಕತ್ತು ತಿರುಗಿಸಿದಾಗಲೆಲ್ಲ ವೈರ್ ಮೇಲೆ ಗರಗಸ ಆಡಿದ ಹಾಗೆ. ಲಾಕ್‌ಗೂ ಮೊದಲ ಕ್ರಿಸ್ಟಲ್‌ಗೂ ನಡುವೆ ಲೋಹದ ಗುಂಡು ಬರಲೇಬೇಕು.

ಜಾರಿದ್ದರೆ: ಬಾಲವನ್ನು, ಅಂದರೆ ಲಾಕ್ ದಾಟಿ ಉಳಿದ ವೈರ್ ತುದಿಯನ್ನು, ಮಣಿಗಳೊಳಗೆ ವಾಪಸ್ ತೂರಿಸದೆ ಲಾಕ್ ಪಕ್ಕಕ್ಕೇ ಕತ್ತರಿಸಿದ್ದೀರಿ. ತಪ್ಪು ನಿಮ್ಮದೊಬ್ಬರದೇ ಅಲ್ಲ. 0.38 ವೈರ್ ಎರಡು ಸಲ ಹಾದರೆ 0.76 ಮಿ.ಮೀ. ಆಯಿತು, 4 ಮಿ.ಮೀ. ರಾಂಡೆಲ್‌ನ ಎಷ್ಟೋ ಮಣಿಗಳ ತೂತಿಗೆ ಅದು ಇಕ್ಕಟ್ಟು. ಬಾಲ ಒಳಗೆ ಹೋಗದೆ ಜನ ಕತ್ತರಿಸಿಬಿಡುತ್ತಾರೆ. ಅದಕ್ಕೇ ಎರಡೂ ಕೊನೆಗೆ ಮೂರು ಮೂರು 3 ಮಿ.ಮೀ. ಲೋಹದ ಗುಂಡು ಹಾಕಿ. ಅವುಗಳ ತೂತು ದೊಡ್ಡದು, ಬಾಲ ಮೂರರಲ್ಲೂ ಸಲೀಸಾಗಿ ಕೂರುತ್ತದೆ. ಇದರಿಂದ ಮೇಲಿನ ಸವೆತದ ಕಾಟವೂ ತಪ್ಪುತ್ತದೆ.

ಇನ್ನು ಬಿಗಿ. ಸರವನ್ನು ಮೇಜಿನ ಮೇಲೆ ನೇರ ಇಟ್ಟು ಎಳೆದು ಲಾಕ್ ಒತ್ತಿದರೆ ಅದು ಕತ್ತಿಗೆ ಬಂದಾಗ ಬಾಗುವುದಕ್ಕೆ ಜಾಗವೇ ಇರುವುದಿಲ್ಲ, ಪೂರ್ತಿ ಎಳೆತ ಲಾಕ್ ಮೇಲೆ. ಸ್ಟೀಲ್ ಡಬ್ಬಿಯೋ ಚೊಂಬೋ ಸುತ್ತ ಹಾಕಿ, ಬಾಗಿದ ಸ್ಥಿತಿಯಲ್ಲೇ ಕೊನೆಯ ಲಾಕ್ ಒತ್ತಿ. ಎತ್ತಿ ಹಿಡಿದಾಗ ಮಣಿಗಳ ನಡುವೆ ಒಟ್ಟು 2 ಮಿ.ಮೀ. ವೈರ್ ಕಾಣಬೇಕು. ಅದಕ್ಕಿಂತ ಹೆಚ್ಚಾದರೆ ಚೆನ್ನಾಗಿ ಕಾಣುವುದಿಲ್ಲ, ಕಡಿಮೆಯಾದರೆ ಸರ ಕೋಲಿನ ಹಾಗೆ ನಿಲ್ಲುತ್ತದೆ.

ಮಣಿ ಲೆಕ್ಕದ್ದು ಸುಲಭ. ರಾಂಡೆಲ್‌ಗೆ 4 ಮಿ.ಮೀ. ಅನ್ನುವುದು ಅಡ್ಡಳತೆ. ವೈರ್ ಮೇಲೆ ಅದು ಹಿಡಿಯುವ ಜಾಗ ಸುಮಾರು 3 ಮಿ.ಮೀ. ಮಾತ್ರ, ಚಪ್ಪಟೆ ಅಲ್ಲವೇ. ಹತ್ತು ಮಣಿ 30, ಒಂದು ಗುಂಡು 3, ಒಂದು ಸುತ್ತಿಗೆ 33 ಮಿ.ಮೀ. ಕೊಕ್ಕೆ ರಿಂಗಿಗೆ 25, ಎರಡೂ ಕೊನೆಯ ಆರು ಗುಂಡಿಗೆ 18 ಕಳೆದರೆ ಉಳಿದದ್ದು 567. ಅದರಲ್ಲಿ 17 ಸುತ್ತು ಕೂರುತ್ತವೆ: 170 ಕ್ರಿಸ್ಟಲ್, 23 ಗುಂಡು. ಹೊಸ ಲಾಟ್ ತಂದಾಗಲೆಲ್ಲ ಹತ್ತು ಮಣಿ ಪೋಣಿಸಿ ಸ್ಕೇಲ್ ಮೇಲಿಟ್ಟು ನೋಡಿ. ಲಾಟ್‌ನಿಂದ ಲಾಟ್‌ಗೆ ಹತ್ತಕ್ಕೆ ಒಂದೆರಡು ಮಿ.ಮೀ. ವ್ಯತ್ಯಾಸ ಬಂದೇ ಬರುತ್ತದೆ, 170ಕ್ಕೆ ಅದು ಒಂದು ಇಂಚು ದಾಟಿಯೂ ಹೋಗಬಹುದು.

ಪೋಣಿಕೆ_ಧಾರವಾಡ:

ಇಕ್ಕಳ ಅವರು ಹೇಳಿದ್ದು ಖರೆ ಅದ, ಆದ್ರ ಒಂದು ಮಾತು ಬಿಟ್ಟಾರ. ದಿನಾ ಹಾಕ್ಕೊಳ್ಳೋ ತಾಳಿ ಸರಕ್ಕ ಗೇರ್ ವೈರ್ ಹಾಕಬ್ಯಾಡ್ರಿ. ಮದುವಿ ಮುಂಜಿವಿಗೆ ಹಾಕಿ ತಗದಿಡೋ ಸರ ಬ್ಯಾರೆ, ಸ್ನಾನಕ್ಕೂ ತಗೀದೆ ಇಡೋದು ಬ್ಯಾರೆ. ದಿನಾ ನೀರು, ಸೋಪು, ಅರಿಷಿಣ, ಬೆವರು. ನೈಲಾನ್ ಹೊದಿಕಿ ಒಂದು ಕಡೆ ಸಂದ ಬಿಟ್ಟರ ನೀರು ಒಳಗ ಹೋಗಿ ಎಳಿ ತುಕ್ಕು ಹಿಡಿತದ. ಮ್ಯಾಲೆ ತಾಳಿ ಭಾರ ನಡುವ ಒಂದ ರಿಂಗಿನ ಮ್ಯಾಲೆ.

ಅಂಥಾ ಸರಕ್ಕ ತಂತಿ ಕಟ್ಟು ಮಾಡ್ರಿ, ಅಂದ್ರ ತಂತಿ ತುಂಡಿಗೆ ಮಣಿ ಹಾಕಿ ಎರಡೂ ಕಡಿ ಕುಣಿಕಿ ಮಾಡಿ ಒಂದಕ್ಕೊಂದು ಜೋಡಸೋದು. 26 ಗೇಜ್, ಅಂದ್ರ 0.4 ಮಿ.ಮೀ. ತಂತಿ. ಒಂದೊಂದು ಮಣಿಗೆ ಒಂದೊಂದು ಕಟ್ಟು ಹಾಕಿದ್ರ ನೋಡಾಕ ಚಂದ, ಆದ್ರ 76 ಕಟ್ಟು ಆಗ್ತಾವ, ಎರಡು ತಾಸು ಹೋಗ್ತದ. ಅದಕ್ಕ ಐದು ಮಣಿಗೊಂದು ಕಟ್ಟು ಹಾಕ್ರಿ. ಮಣಿ 15 ಮಿ.ಮೀ., ಎರಡೂ ಕಡಿ ಕುಣಿಕಿ ಸೇರಿ 20. 24 ಇಂಚಿಗೆ 30 ಕಟ್ಟು ಸಾಕು. ಒಂದು ಕಟ್ಟಿಗೆ ಐದೂವರೆ ಸೆಂ.ಮೀ. ತಂತಿ, ಒಟ್ಟು 165 ಸೆಂ.ಮೀ., ಎರಡು ಮೀಟರ್ ಇಟ್ಕೊಳ್ರಿ.

ಕುಣಿಕಿ ಬರೇ ಬಗ್ಗಿಸಿ ಬಿಡಬ್ಯಾಡ್ರಿ. ಕುಣಿಕಿ ಮಾಡಿ, ಅದರೊಳಗ ಹಿಂದಿನ ಕಟ್ಟು ಸೇರಿಸಿ, ಆಮ್ಯಾಲೆ ಬಾಲಾನ ಕುತ್ತಿಗಿಗೆ ಎರಡೂವರೆ ಸುತ್ತು ಸುತ್ತಿ ಕತ್ತರಸ್ರಿ. ಸುತ್ತಿದ ಮ್ಯಾಲೆ ಕುಣಿಕಿ ಬಿಚ್ಚಾಕ ಬರೂದಿಲ್ಲ, ಅದಕ್ಕ ಸೇರಿಸೋದು ಮೊದಲ ಆಗಬೇಕು. ಇದನ್ನ ಮರತವರು 30ರಾಗ ಒಂದು ಕಟ್ಟು ಒಡದು ಮತ್ತ ಮಾಡ್ತಾರ. ಕತ್ತರಿಸಿದ ತುದಿ ಒಳಗ ಒತ್ತಿ ಬಿಡ್ರಿ, ಇಲ್ಲಾಂದ್ರ ಸೀರಿ ಸೆರಗಿನ ಎಳಿ ಕೀಳ್ತದ. ಗಿರಾಕಿ ಮತ್ತ ಬರೂದಿಲ್ಲ, ಸೀರಿ ರೇಷ್ಮಿದಾದ್ರ ಬೈಯಾಕಷ್ಟ ಬರ್ತಾರ.

ಮಣಿಪೆಟ್ಟಿಗೆ:

ಇಬ್ಬರಿಗೂ ಧನ್ಯವಾದ. ಏಳೂ ಸರ ತೆಗೆದು ನೋಡಿದೆ. ನಾಲ್ಕರಲ್ಲಿ ಎಳೆಗಳು ಸಮಕ್ಕೆ ತುಂಡಾಗಿವೆ. ಎರಡು ಪೊರಕೆ ತುದಿ. ಒಂದು ಜಾರಿದೆ. ಪ್ಲೈಯರ್ ಚಪ್ಪಟೆ ಮೂತಿಯದ್ದೇ, ಬಾಲವನ್ನು ಎಲ್ಲದರಲ್ಲೂ ಪಕ್ಕಕ್ಕೇ ಕತ್ತರಿಸಿದ್ದೇನೆ. ವೈರ್‌ನಲ್ಲಿ 7 ಎಳೆ ಇವೆ.

ಕೊಕ್ಕೆ ರಿಂಗಿಗೆ ಉಜ್ಜದ ಹಾಗೆ ಜರ್ದೋಸಿ ಸ್ಪ್ರಿಂಗ್ ತುಂಡು ಹಾಕಿ ಅಂತ ಒಬ್ಬರು ಹೇಳಿದರು. ಹಾಕಲಾ?

ಇಕ್ಕಳ:

7 ಎಳೆಯ ವೈರ್ ಒಮ್ಮೆ ಮಡಚಿದರೆ ಆ ಮಡಿಕೆ ಹೋಗುವುದಿಲ್ಲ, ಅಲ್ಲೇ ಮುರಿಯುತ್ತದೆ. ಒಂದೆಳೆ ಸರಕ್ಕೆ 49 ಎಳೆಯದು ತನ್ನಿ. ಬೆಲೆ ಹೆಚ್ಚು, ಆದರೆ 24 ಇಂಚಿನ ಸರಕ್ಕೆ ಬಾಲ ಸೇರಿ ಬೇಕಾಗುವುದು 75 ಸೆಂ.ಮೀ. ಮಾತ್ರ. ಉಳಿಸಬೇಕಾದ ಜಾಗ ಇದಲ್ಲ.

ಜರ್ದೋಸಿ ಸ್ಪ್ರಿಂಗ್ ಬೇಡ. ಕಸೂತಿಗೆ ಮಾಡಿದ್ದು, ತಂತಿ ಕೂದಲಿನಷ್ಟು ಸಪೂರ. ಬೆವರು ತಾಗಿದರೆ ಬೇಗ ಕಪ್ಪಾಗಿ ಬಿಚ್ಚಿಕೊಳ್ಳುತ್ತದೆ. ಕುದುರೆ ಲಾಳದ ಹಾಗಿರುವ ವೈರ್ ಗಾರ್ಡ್ ಸಿಗುತ್ತದೆ. ವೈರ್ ಅದರ ಕಾಲುವೆಯಲ್ಲಿ ಕೂತು ರಿಂಗಿಗೆ ಲೋಹವಷ್ಟೇ ತಾಗುತ್ತದೆ. ಸಿಗದಿದ್ದರೆ ಕುಣಿಕೆಯನ್ನು 3 ಮಿ.ಮೀ.ಯಷ್ಟು ಸಡಿಲ ಬಿಡಿ, ರಿಂಗ್ ಓಡಾಡುವಂತಿರಲಿ. ಬಿಗಿಯಾಗಿ ಎಳೆದ ಕುಣಿಕೆ ಒಂದೇ ಬಿಂದುವಿನಲ್ಲಿ ಸವೆಯುತ್ತದೆ.

ಜಂಪ್ ರಿಂಗ್ (ಕೊಕ್ಕೆ ಜೋಡಿಸುವ, ಬಾಯಿ ಬಿಚ್ಚುವ ರಿಂಗ್) 20 ಗೇಜ್‌ಗಿಂತ ಸಪೂರ ಬೇಡ, ಅಂದರೆ ತಂತಿ 0.8 ಮಿ.ಮೀ. ತಾಳಿ ಹಾಕುವ ನಡುವಿನ ರಿಂಗ್ ಇನ್ನೂ ದಪ್ಪದ 18 ಗೇಜ್ ಇರಲಿ, ಸಾಧ್ಯವಾದರೆ ಬಾಯಿ ಬೆಸುಗೆ ಹಾಕಿದ್ದು. ಬಿಚ್ಚುವಾಗ ಅಗಲಿಸಬಾರದು. ಒಂದು ತುದಿ ನಿಮ್ಮ ಕಡೆ, ಇನ್ನೊಂದು ತುದಿ ಆಚೆ ತಿರುಗಿಸಿ, ಮುಚ್ಚುವಾಗ ಹಾಗೇ ವಾಪಸ್ ತನ್ನಿ. ಟಿಕ್ ಅಂತ ಸದ್ದು ಬಂದರೆ ಬಾಯಿ ಸರಿಯಾಗಿ ಕೂಡಿದೆ.

ಮಾಡಿದ ಪ್ರತಿ ಸರವನ್ನೂ ಮೊಳೆಗೆ ತಗುಲಿಸಿ, ನಡುವಿನ ರಿಂಗಿಗೆ ಒಂದು ಲೀಟರ್ ನೀರಿನ ಬಾಟಲಿ ಕಟ್ಟಿ ಹತ್ತು ನಿಮಿಷ ಬಿಡಿ. ಜಾರುವ ಲಾಕ್ ಅಲ್ಲೇ ಸಿಕ್ಕಿಬೀಳುತ್ತದೆ.

ಹಿತ್ತಾಳೆ:

ಕಪ್ಪಾಗುವುದರ ಬಗ್ಗೆ ಯಾರೂ ಹೇಳಿಲ್ಲ. ಗುಂಡು, ಕೊಕ್ಕೆ ಎರಡೂ ಹಿತ್ತಾಳೆ ಮೇಲೆ ಚಿನ್ನದ ಬಣ್ಣದ ಲೇಪ. ಲೇಪ ಮೈಕ್ರಾನ್‌ನ ಪುಟ್ಟ ಭಾಗದಷ್ಟು ತೆಳು. ಬೆವರಿನ ಉಪ್ಪು ಸೂಕ್ಷ್ಮ ರಂಧ್ರದಲ್ಲಿ ಇಳಿದು ಕೆಳಗಿನ ಹಿತ್ತಾಳೆಯಲ್ಲಿರುವ ತಾಮ್ರ ಕಪ್ಪಾಗುತ್ತದೆ. ಕೊಕ್ಕೆ ಮೊದಲು ಹೋಗುವುದು ಸಹಜ, ಹಿಂಗತ್ತಿನ ಬೆವರು ಸೀದಾ ಅದರ ಮೇಲೆ.

ಲಾಟ್ ಕೊಳ್ಳುವ ಮುಂಚೆ ಐದು ಗುಂಡು, ಒಂದು ಕೊಕ್ಕೆ ಸ್ಯಾಂಪಲ್ ತನ್ನಿ. ಕಾಲು ಲೋಟ ನೀರಿಗೆ ಒಂದು ಚಮಚ ಉಪ್ಪು ಕದಡಿ, ಹತ್ತಿಯನ್ನು ಅದರಲ್ಲಿ ಅದ್ದಿ, ಗುಂಡುಗಳನ್ನು ಸುತ್ತಿ ಜಿಪ್ ಕವರ್‌ನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಹತ್ತಿ ಹಸಿರಾಗಿದ್ದರೆ ಆ ಲಾಟ್ ಮುಟ್ಟಬೇಡಿ. ಕೊಕ್ಕೆ, ಜಂಪ್ ರಿಂಗ್ ಎರಡನ್ನು 304 ಸ್ಟೇನ್‌ಲೆಸ್ ಸ್ಟೀಲ್‌ಗೆ ಬದಲಾಯಿಸಿದರೆ ಅರ್ಧ ದೂರು ಕಡಿಮೆ. ಗೋಲ್ಡ್ ಬಣ್ಣದ್ದೂ ಸಿಗುತ್ತದೆ. 'ಜರ್ಮನ್ ಸಿಲ್ವರ್' ಹೆಸರು ಕೇಳಿ ಬೆಳ್ಳಿ ಅಂದುಕೊಂಡು ಗಿರಾಕಿಗೂ ಹಾಗೇ ಹೇಳಬೇಡಿ. ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ, ಇರುವುದು ತಾಮ್ರ, ನಿಕ್ಕಲ್, ಸತು. ನಿಕ್ಕಲ್ ಆಗದವರಿಗೆ ಕಿವಿ ತೂತು ಕೆಂಪಗೆ ಊದಿಕೊಳ್ಳುತ್ತದೆ. ಕಿವಿಯ ಕಡ್ಡಿಗಂತೂ ಬೇಡವೇ ಬೇಡ.

ಮಣಿಗಳಿಗೂ ಪರೀಕ್ಷೆ ಬೇಕು. ಕರಿಮಣಿಯಲ್ಲಿ ಗಾಜೇ ಕಪ್ಪಾಗಿರುವುದು ಒಂದು, ಬಿಳಿ ಗಾಜಿಗೆ ಮೇಲೆ ಕಪ್ಪು ಬಳಿದದ್ದು ಇನ್ನೊಂದು. ಎರಡನೆಯದು ಬಣ್ಣ ಬಿಟ್ಟು ರವಿಕೆ ಕೊರಳಿಗೆ ಮಸಿ ಹಿಡಿಸುತ್ತದೆ. ಬಿಳಿ ಹತ್ತಿ ಬಟ್ಟೆಗೆ ನೇಲ್ ಪಾಲಿಶ್ ರಿಮೂವರ್ ಹಾಕಿ 20 ಸಲ ಉಜ್ಜಿ. ಒಂದು ಮಣಿ ಒಡೆದು ಒಳಗೂ ನೋಡಿ, ಅದಕ್ಕಿಂತ ಖಾತ್ರಿ ಇನ್ನೊಂದಿಲ್ಲ. ಬಣ್ಣಬಣ್ಣದ ಸೆಟ್ ಮಾಡುವವರು ಅರ್ಧ ಎಳೆಗೆ ಕಾಗದ ಸುತ್ತಿ ಬಿಸಿಲು ಬೀಳುವ ಕಿಟಕಿಯಲ್ಲಿ 15 ದಿನ ಇಡಿ. ಗುಲಾಬಿ, ನೇರಳೆ ಎರಡೂ ಬೇಗ ಮಾಸುವ ಬಣ್ಣ.

ಕೆಲವರು ಚನ್ನಪಟ್ಟಣದ ಅರಗಿನ ಮರದ ಮಣಿ ಸೇರಿಸಿ ಸೆಟ್ ಮಾಡುತ್ತಾರೆ. ಹಗುರ, ನೋಡುವುದಕ್ಕೂ ಸೊಗಸು, ದೊಡ್ಡ ಜುಮುಕಿಗೆ ಹೇಳಿ ಮಾಡಿಸಿದ್ದು. ಆದರೆ ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಸೆಂಟು ಸಿಂಪಡಿಸಿದರೆ, ಸ್ಯಾನಿಟೈಸರ್ ಕೈಯಲ್ಲಿ ಮುಟ್ಟಿದರೆ ಹೊಳಪು ಹೋಗಿ ಅಂಟಂಟಾಗುತ್ತದೆ. ಪ್ಯಾಕೆಟ್ ಒಳಗೆ ಒಂದು ಸಾಲು ಬರೆದು ಹಾಕಿ: ಮೊದಲು ಸೆಂಟು, ಆಮೇಲೆ ಸರ.

ಕುಡ್ಲದ ಮುತ್ತು:

ಮುತ್ತಿನ ಸರಕ್ಕೂ ಗೇರ್ ವೈರೇ ಹಾಕುವವರಿದ್ದಾರೆ ಮಾರಾಯ್ರೆ, ದಯವಿಟ್ಟು ಅದು ಬೇಡ. ಮುತ್ತು ಮೆದು, ಉಕ್ಕು ತೂತನ್ನು ಅಗಲ ಮಾಡುತ್ತದೆ. ರೇಷ್ಮೆ ಅಥವಾ ನೈಲಾನ್ ದಾರ, ಪ್ರತಿ ಎರಡು ಮುತ್ತಿನ ನಡುವೆ ಒಂದು ಗಂಟು. 18 ಇಂಚಿನ ಸರಕ್ಕೆ 2 ಮೀಟರ್ ದಾರವನ್ನು ಜೋಡಿ ಎಳೆ ಮಾಡಿ ಶುರು ಮಾಡಿ. ಗಂಟು ಸಡಿಲ ಹಾಕಿ, ಸೂಜಿಯ ಮೊನೆಯಲ್ಲಿ ದೂಡಿಕೊಂಡು ಹೋಗಿ ಮುತ್ತಿನ ಬುಡಕ್ಕೆ ಕೂರಿಸಿ ಆಮೇಲೆ ಬಿಗಿ ಮಾಡಬೇಕು. ಕಿತ್ತರೂ ಕಳೆದುಹೋಗುವುದು ಒಂದೇ ಮುತ್ತು. ಸರಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಅದನ್ನು ಬೆಲೆಯಲ್ಲಿ ಹಾಕಿ.

ಎಲಾಸ್ಟಿಕ್ ಬ್ರೇಸ್ಲೆಟ್ ಮಾಡುವವರಿಗೂ ಒಂದು ಮಾತು. ಪೋಣಿಸುವ ಮುಂಚೆ ಎಲಾಸ್ಟಿಕನ್ನು ನಾಲ್ಕೈದು ಸಲ ಜೋರಾಗಿ ಎಳೆದು ಬಿಡಿ. ಇಲ್ಲದಿದ್ದರೆ ವಾರದೊಳಗೆ ಸಡಿಲವಾಗಿ ಮಣಿ ನಡುವೆ ದಾರ ಇಣುಕುತ್ತದೆ. ಗಂಟಿನ ಮೇಲೆ ಕ್ಷಣದಲ್ಲಿ ಅಂಟುವ ಗಮ್ ಹಾಕಬೇಡಿ. ಅದು ಒಣಗಿ ಗಾಜಿನ ಹಾಗಾಗುತ್ತದೆ, ಎಲಾಸ್ಟಿಕ್ ಅಲ್ಲೇ ಮುರಿಯುತ್ತದೆ. ಒಣಗಿದ ಮೇಲೂ ಮೆತ್ತಗಿರುವ ಆಭರಣದ ಗಮ್ ಬೇರೆ ಇದೆ.

ಚಿಲ್ಲರೆ ಲೆಕ್ಕ:

ಈಗ ದುಡ್ಡಿನ ವಿಷಯಕ್ಕೆ ಬರೋಣ. ಮಣಿಪೆಟ್ಟಿಗೆಯವರೇ, ಒಂದು ಸರಕ್ಕೆ ಸಾಮಾನಿನ ಖರ್ಚು ಎಷ್ಟು, ಎಷ್ಟು ಹೊತ್ತು ಹಿಡಿಯುತ್ತದೆ?

ಮಣಿಪೆಟ್ಟಿಗೆ:

ಮಣಿ, ಗುಂಡು, ವೈರ್, ಕೊಕ್ಕೆ ಎಲ್ಲ ಸೇರಿ 95. ಡಬ್ಬಿ, ಕವರ್, ಕಾರ್ಡ್ 18. ಒಂದು ಸರಕ್ಕೆ 50 ನಿಮಿಷ. ಪ್ರದರ್ಶನದಲ್ಲಿ ಮಳಿಗೆ ಬಾಡಿಗೆ ಎರಡು ದಿನಕ್ಕೆ 3000, ಅಲ್ಲಿ ಎಲ್ಲ ಸೇರಿ 40 ವಸ್ತು ಮಾರಾಟವಾಗುತ್ತವೆ.

ಚಿಲ್ಲರೆ ಲೆಕ್ಕ:

ಸರಿ. ಸಾಮಾನು 95. ಒಡೆದ ಮಣಿ, ಹಾಳಾದ ಲಾಕ್, ತೂತು ಮುಚ್ಚಿಕೊಂಡ ಕ್ರಿಸ್ಟಲ್ ಅಂತ ಶೇ. 8ರಷ್ಟು ಹಿಡಿಯಿರಿ, 8 ರೂಪಾಯಿ. ಪ್ಯಾಕಿಂಗ್ 18. ಗಂಟೆಗೆ 90ರಂತೆ 50 ನಿಮಿಷದ ಕೂಲಿ 75. ಸಾಮಾನು ತರಲು ಬೆಂಗಳೂರಿನ ಮಾಮೂಲ್‌ಪೇಟೆಗೆ ಹೋಗಿಬರುವ ಖರ್ಚು, ದೀಪ, ಉಪಕರಣ, ಫೋನ್ ಎಲ್ಲ ಹಂಚಿದರೆ ಸರಕ್ಕೆ 15 ಅಂತಿಟ್ಟುಕೊಳ್ಳಿ. ಒಟ್ಟು 211.

ಪ್ರದರ್ಶನದಲ್ಲಿ ಬಾಡಿಗೆಯೇ ವಸ್ತುವಿಗೆ 75 ಬೀಳುತ್ತದೆ, 286 ಆಯಿತು. 350ಕ್ಕೆ ಮಾರಿದರೆ 64 ಉಳಿಯುತ್ತದೆ. ವಾಪಸ್ ಬಂದ ಒಂದು ಸರವನ್ನು ಬಿಟ್ಟಿಯಾಗಿ ರಿಪೇರಿ ಮಾಡಿ ಕೊರಿಯರ್ ಮಾಡಿದರೆ ಆ 64 ಹೋಯಿತು. ಬೊಟಿಕ್‌ಗೆ ಶೇ. 40 ಬಿಟ್ಟರೆ ನಿಮಗೆ ಬರುವುದು 210. ಖರ್ಚು 211. ಪ್ರತಿ ಸರದ ಜೊತೆ ಒಂದು ರೂಪಾಯಿ ಇಟ್ಟು ಕಳಿಸಿದ ಹಾಗೆ! ತಿಂಗಳಿಗೆ 20 ಸರ ಅಂದರೆ 17 ಗಂಟೆ ಕೆಲಸ, ಲಾಭ ಸೊನ್ನೆಗಿಂತ 20 ರೂಪಾಯಿ ಕೆಳಗೆ.

ಬೆಲೆಯನ್ನು ಹಿಂದಿನಿಂದ ಕಟ್ಟಬೇಕು. ಮೊದಲು ಅಂಗಡಿಗೆ ಕೊಡುವ ಬೆಲೆ: 211ಕ್ಕೆ ಕಾಲು ಭಾಗ ಲಾಭ ಸೇರಿಸಿ 265. ಅಂಗಡಿಯವರು ಶೇ. 40 ಇಟ್ಟುಕೊಂಡ ಮೇಲೆ ನಿಮಗೆ 265 ಉಳಿಯಬೇಕಾದರೆ ಮಾರುವ ಬೆಲೆ 442, ಅಂದರೆ 450. ನಿಮ್ಮ ಪುಟದಲ್ಲೂ ಪ್ರದರ್ಶನದಲ್ಲೂ ಅದೇ 450 ಇರಲಿ. ನೀವು 350ಕ್ಕೆ ಕೊಡುವುದು ಕಂಡರೆ 450ಕ್ಕೆ ಇಟ್ಟ ಅಂಗಡಿಯವರು ಮಾರನೇ ದಿನವೇ ಮಾಲು ವಾಪಸ್ ಕಳಿಸುತ್ತಾರೆ.

450 ಜಾಸ್ತಿ ಅನ್ನಿಸಿದರೆ ಕೂಲಿ ಕಡಿಮೆ ಮಾಡಿಕೊಳ್ಳಬೇಡಿ, ಹೊತ್ತು ಕಡಿಮೆ ಮಾಡಿ. ಮಣಿಯನ್ನು ಲೈನ್‌ನಿಂದ ತಟ್ಟೆಗೆ ಸುರಿದು ಒಂದೊಂದೇ ಆರಿಸುತ್ತಿದ್ದೀರಿ ಅಂತ 50 ನಿಮಿಷವೇ ಹೇಳುತ್ತಿದೆ. ಸುರಿಯಬೇಡಿ. ಲೈನಿನ ದಾರದ ಒಂದು ತುದಿ ಬಿಚ್ಚಿ, ಎದುರಿನಿಂದ ಗೇರ್ ವೈರ್ ತೂರಿಸಿದರೆ ಐದಾರು ಮಣಿ ಒಟ್ಟಿಗೆ ದಾಟುತ್ತವೆ. ಹತ್ತು ಸರದ ಪೋಣಿಕೆ ಒಂದು ದಿನ, ಹತ್ತರ ಲಾಕ್ ಇನ್ನೊಂದು ದಿನ ಇಟ್ಟುಕೊಳ್ಳಿ. ಪ್ಲೈಯರ್ ಕೈಗೆ ಹೊಂದಿಕೊಂಡಾಗ ಲಾಕ್ ಕೂಡ ಒಂದೇ ಹದಕ್ಕೆ ಬರುತ್ತದೆ. ಪೋಣಿಕೆ_ಧಾರವಾಡ ಹೇಳಿದ ತಂತಿ ಕಟ್ಟಿನ ಸರಕ್ಕೆ ಮಾತ್ರ ಬೇರೆ ಬೆಲೆ, ಬೇರೆ ಹೆಸರು. 'ದಿನನಿತ್ಯದ ಸರ' ಅಂತಲೇ ಮಾರಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾಕೆ ದುಬಾರಿ ಅಂತ ಗಿರಾಕಿಗೇ ಗೊತ್ತಾಗುತ್ತದೆ.

ಬೊಟಿಕ್ ಜೊತೆ ಒಪ್ಪಂದ ಮಾಡುವಾಗ ದುಡ್ಡು ಮುಂಗಡವೋ ಮಾರಿದ ಮೇಲೋ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ. ಮಾರಿದ ಮೇಲೆ ಅಂದರೆ ಶೇ. 40 ಬಿಡಬೇಡಿ, 25-30ಕ್ಕೆ ನಿಲ್ಲಿ. ಮಾಲು ಕಪಾಟಿನಲ್ಲಿ ಕಪ್ಪಾದರೆ ನಷ್ಟ ನಿಮ್ಮದೇ ಅಲ್ಲವೇ.

ಜಿಎಸ್‌ಟಿ: ಇಮಿಟೇಶನ್ ಆಭರಣ ಎಚ್‌ಎಸ್‌ಎನ್ (ಸರಕಿನ ವರ್ಗದ ಸಂಖ್ಯೆ) 7117ರಲ್ಲಿ ಬರುತ್ತದೆ, ದರ ಶೇ. 3. ಕರ್ನಾಟಕದೊಳಗೆ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. 'ಬರೀ ಸರಕು' ಅನ್ನುವ ಮಾತು ನೋಡಿ. ಜೊತೆಗೆ ದುಡ್ಡು ತೆಗೆದುಕೊಂಡು ಆಭರಣ ತಯಾರಿಕೆ ಕ್ಲಾಸ್ ಮಾಡಿದರೆ ಅದು ಸೇವೆ, ಆಗ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಹೊರ ರಾಜ್ಯಕ್ಕೆ ಕಳಿಸುವುದಾದರೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಆದರೆ ಪಟ್ಟಿ ಮಾಡಿದ ಕರಕುಶಲ ವಸ್ತುಗಳಿಗೆ 20 ಲಕ್ಷದ ತನಕ ವಿನಾಯಿತಿ ಇದೆ, ಪ್ಯಾನ್ ಮತ್ತು ಇ-ವೇ ಬಿಲ್ (ಸರಕು ಸಾಗಣೆಯ ದಾಖಲೆ) ಇರಬೇಕು. ಕೈಯಲ್ಲಿ ಮಾಡಿದ ಮಣಿ ಆಭರಣ ಆ ಪಟ್ಟಿಯಲ್ಲಿದೆ. ತಮಾಷೆ ಅಂದರೆ ಅದೇ ಸಾಲಿನಲ್ಲಿ ಏಲಕ್ಕಿ ಮಾಲೆಯೂ ಇದೆ, ಹಾವೇರಿಯವರು ಖುಷಿಪಡಬಹುದು. ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲಿ 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದವರೂ ರಾಜ್ಯದೊಳಗೆ ಮಾರಬಹುದು. ಅದಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆಯಬೇಕು.

ನೋಂದಣಿ ಇಲ್ಲದಿದ್ದರೆ ಸಾಮಾನಿಗೆ ಕೊಟ್ಟ ತೆರಿಗೆ ವಾಪಸ್ ಬರುವುದಿಲ್ಲ. ಹಾಗಾಗಿ ಆ 95 ತೆರಿಗೆ ಸೇರಿದ ಬೆಲೆಯೇ ಅಂತ ಬಿಲ್ ನೋಡಿ ಖಚಿತ ಮಾಡಿಕೊಳ್ಳಿ. ವ್ಯಾಪಾರದ ಯುಪಿಐಗೆ ಬೇರೆ ಖಾತೆ ಇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಮನೆಯ ಲೆಕ್ಕ ಅಂಗಡಿ ಲೆಕ್ಕ ಒಂದೇ ಖಾತೆಯಲ್ಲಿದ್ದವರಿಗೆ ಯಾವುದು ಮಾರಾಟ, ಯಾವುದು ಕೈಸಾಲ ಅಂತ ತೋರಿಸುವುದೇ ಕಷ್ಟವಾಯಿತು. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳದ್ದು) ಬೇಕಿದ್ದರೆ ಸರ್ಕಾರದ ತಾಣದಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ.

ಮಣಿಪೆಟ್ಟಿಗೆ:

ತುಂಬಾ ತುಂಬಾ ಧನ್ಯವಾದ. ಕ್ರಿಂಪಿಂಗ್ ಪ್ಲೈಯರ್, 49 ಎಳೆ ವೈರ್, ಸ್ಟೀಲ್ ಕೊಕ್ಕೆ ತಂದು ಮೂರು ಸರ ಮಾಡಿದೆ. 170 ಮಣಿ, 23 ಗುಂಡು, 23.8 ಇಂಚು ಬಂತು. ಬಾಟಲಿ ಕಟ್ಟಿದಾಗ ಎರಡು ನಿಂತವು, ಒಂದರಲ್ಲಿ ವೈರ್ 4 ಮಿ.ಮೀ. ಜಾರಿತು. ಲಾಕ್ ಚೆನ್ನಾಗಿ ಮಡಚಿದ ಹಾಗೇ ಕಾಣುತ್ತಿದೆ. ಇದು ಯಾಕೆ?

ಇಕ್ಕಳ:

ಲಾಕ್ ಒಳತೂತು ದೊಡ್ಡದಿರಬೇಕು. 2 ಮಿ.ಮೀ. ಅನ್ನುವುದು ಹೊರ ಅಳತೆ, ಗೋಡೆ ತೆಳುವಾದಷ್ಟೂ ಒಳಗೆ ಜಾಗ ಹೆಚ್ಚು. ಒತ್ತುವ ಮುಂಚೆ ಎರಡೂ ವೈರ್ ತೂರಿಸಿ ಮೂರನೆಯ ತುಂಡೊಂದು ಸಲೀಸಾಗಿ ಹೋಗುತ್ತದಾ ನೋಡಿ. ಹೋದರೆ ಆ ಲಾಕ್ 0.38ಕ್ಕೆ ಸಡಿಲ. ಹಾಗಿದ್ದರೆ 1.5 ಮಿ.ಮೀ. ಲಾಕ್ ತನ್ನಿ. ಅಥವಾ ಇರುವುದನ್ನೇ ಖಾಲಿ ಮಾಡಬೇಕಾದರೆ 0.45 ವೈರ್‌ಗೆ ಬಳಸಿ. ಗುಂಡಿನ ತೂತಿಗೆ ಅದು ಹೋಗುತ್ತದೆ, ರಾಂಡೆಲ್‌ಗೂ ಒಂದೆಳೆ ಹೋಗುತ್ತದೆ, ಬಾಲ ಮಾತ್ರ ಮೂರು ಗುಂಡಿನೊಳಗೇ ನಿಲ್ಲಲಿ. ಜಾರಿದ ಸರದ ಲಾಕನ್ನು ಮತ್ತೆ ಒತ್ತಿ ಬಿಗಿ ಮಾಡಬೇಡಿ, ಬಿರುಕು ಬಿಡುತ್ತದೆ. ಅದನ್ನು ಕಟ್ಟರ್‌ನಲ್ಲಿ ಕತ್ತರಿಸಿ ತೆಗೆದು ಹೊಸ ವೈರ್‌ನಿಂದಲೇ ಪೋಣಿಸಿ. ಹಳೇ ವೈರ್ ಅಲ್ಲಿ ಆಗಲೇ ಒಮ್ಮೆ ಜಜ್ಜಿದೆ.